ಹಳೆಯ ಗಣಕಯಂತ್ರವನ್ನು ಎಸೆಯಬೇಕೇ?

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಕೆರೂರ)

ನಮ್ಮ ಮನೆಯಲ್ಲಿ ಎರಡು ಯಂತ್ರಗಳಿವೆ. ಒಂದು ನನ್ನ ಅಪ್ಪನ ಕೈಮಗ್ಗ, ಇನ್ನೊಂದು ನನ್ನ ಲ್ಯಾಪ್‌ಟಾಪ್. ಮಗ್ಗವು ಮುತ್ತಜ್ಜನ ಕಾಲದ್ದೆಂದು ಮನೆಯವರು ಹೇಳುತ್ತಾರೆ. ಅದರ ಹಣಿಗೆಯನ್ನು ಎಷ್ಟು ಸಲ ಬದಲಿಸಿದರೋ, ಎಷ್ಟು ಲಾಳಿಗಳು ಸವೆದು ಹೋದವೋ ಲೆಕ್ಕವಿಲ್ಲ. ಆದರೂ ಮಗ್ಗ ಅದೇ, ಅದರ ಸಪ್ಪಳವೂ ಅದೇ. ಲ್ಯಾಪ್‌ಟಾಪ್ ತಯಾರಾದುದು 2016ರಲ್ಲಿ. ಅದರ ಒಂದು ಕೀಲಿಯೂ ಕೆಟ್ಟಿಲ್ಲ, ತೆರೆಯ ಮೇಲೆ ಒಂದು ಗೆರೆಯೂ ಬಿದ್ದಿಲ್ಲ. ಹೀಗಿದ್ದರೂ 2025ರಲ್ಲಿ ಒಂದು ದಿನ ಅದರ ತೆರೆಯ ಮೇಲೆಯೇ ಒಂದು ಓಲೆ ಮೂಡಿತು. ಇಂಥ ದಿನದಿಂದ ಈ ಯಂತ್ರದ ವ್ಯವಸ್ಥೆಗೆ ಕಂಪನಿಯ ಬೆಂಬಲವಿಲ್ಲ, ಹೊಸ ವ್ಯವಸ್ಥೆಯನ್ನು ಹಾಕಿಕೊಳ್ಳಲು ಈ ಯಂತ್ರಕ್ಕೆ ಅರ್ಹತೆಯೂ ಇಲ್ಲ ಎಂಬುದು ಅದರ ತಾತ್ಪರ್ಯ. ನೂರು ವರುಷದ ಮಗ್ಗ ನಡೆಯುತ್ತಿರಲು, ಒಂಬತ್ತು ವರುಷದ ಯಂತ್ರಕ್ಕೆ ಮುಪ್ಪು ಬಂದಿತೆಂದರೆ ಏನರ್ಥ? ಈ ಪ್ರಶ್ನೆಯೇ ನನ್ನಿಂದ ಈ ಲೇಖನವನ್ನು ಬರೆಯಿಸಿದೆ.

ನಾನು ಗಣಕಶಾಸ್ತ್ರ ಓದಿದವಳಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಆದರೆ ಈ ವಿಷಯದಲ್ಲಿ ನನ್ನ ಅಜ್ಞಾನಕ್ಕೆ ನಾನು ತೆತ್ತ ಬೆಲೆ ಸಣ್ಣದಲ್ಲ. ನನ್ನಂತೆಯೇ ಹಳೆಯ ಯಂತ್ರ ಇಟ್ಟುಕೊಂಡ ಸಹಪಾಠಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರು ಅದೇ ಬೆಲೆಯನ್ನು ತೆರಬಾರದೆಂಬ ಒಂದೇ ಉದ್ದೇಶದಿಂದ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳೋಣ. ಗಣಕಯಂತ್ರವೆಂದರೆ ಬರಿಯ ತಂತಿ, ತಗಡುಗಳಲ್ಲ. ಆ ತಂತಿ ತಗಡುಗಳಿಂದ ಕೆಲಸ ತೆಗೆಯುವ ಒಂದು ಮೂಲ ತಂತ್ರಾಂಶ ಅದರೊಳಗೆ ಇರಬೇಕು. ಅದಕ್ಕೆ ಕಾರ್ಯಾಚರಣಾ ವ್ಯವಸ್ಥೆ, ಎಲ್ಲರ ಬಾಯಲ್ಲಿ ಬರುವಂತೆ ಆಪರೇಟಿಂಗ್ ಸಿಸ್ಟಮ್, ಎನ್ನುತ್ತಾರೆ. ನಮ್ಮ ಕಡೆಯ ಹೆಚ್ಚಿನ ಯಂತ್ರಗಳಲ್ಲಿರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಇದರ ಆವೃತ್ತಿಗಳು ಒಂದರ ಹಿಂದೆ ಒಂದು ಬರುತ್ತಲೇ ಇವೆ. 2001ರಲ್ಲಿ ಬಂದ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಿತು. 2009ರ ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ನಿಂತಿತು. 2015ರ ಜುಲೈ 29ರಂದು ಹೊರಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14 ಕೊನೆಯ ದಿನವಾಯಿತು. ವಿಂಡೋಸ್ 10 ಬಂದಾಗ ಇದೇ ಕಟ್ಟಕಡೆಯ ವಿಂಡೋಸ್ ಎಂಬ ಮಾತು ಆ ಕಂಪನಿಯ ನೌಕರರೊಬ್ಬರ ಬಾಯಿಂದಲೇ ಬಂದಿದ್ದಿತು. ಆದರೆ 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದೇ ಬಂದಿತು.

ಬೆಂಬಲ ನಿಲ್ಲುವುದೆಂದರೇನು? ಯಂತ್ರ ಆ ದಿನ ನಿಂತುಬಿಡುತ್ತದೆಂದು ನಾನು ತಿಳಿದಿದ್ದೆ. ಅದು ತಪ್ಪು. ಯಂತ್ರ ಎಂದಿನಂತೆಯೇ ನಡೆಯುತ್ತದೆ. ಆದರೆ ತಂತ್ರಾಂಶದಲ್ಲಿ ಮುಂದೆ ಕಂಡುಬರುವ ಬಿರುಕುಗಳಿಗೆ ಕಂಪನಿಯು ತೇಪೆ ಹಾಕಿ ಕಳಿಸುವುದಿಲ್ಲ. ಮನೆ ಬೀಳುವುದಿಲ್ಲ, ಆದರೆ ಕಾವಲುಗಾರ ನೌಕರಿ ಬಿಟ್ಟು ಹೋದಂತೆ. ಕಳ್ಳ ಇಂದೇ ಬರುತ್ತಾನೆಂದೇನೂ ಇಲ್ಲ, ಬಂದರೆ ಕೇಳುವವರಿಲ್ಲ. ಇದನ್ನು ಹಗುರವಾಗಿ ಎಣಿಸಲೂ ಬಾರದು. 2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಲ್ಲಿ ಹಬ್ಬಿ, ಎರಡು ಲಕ್ಷಕ್ಕೂ ಮಿಕ್ಕ ಗಣಕಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಆ ಬಿರುಕಿಗೆ ತೇಪೆಯು ಅದೇ ವರುಷ ಮಾರ್ಚ್ ತಿಂಗಳಲ್ಲಿಯೇ ಸಿದ್ಧವಾಗಿದ್ದಿತು. ಕೆಟ್ಟವರು ಅದನ್ನು ಹಾಕಿಕೊಳ್ಳದೆ ಉಳಿದವರು. ಆದುದರಿಂದ "ನಡೆಯುತ್ತಿದೆಯಲ್ಲ, ನಡೆಯಲಿ ಬಿಡು" ಎಂಬ ಮಾತೂ ಜಾಣತನದ್ದಲ್ಲ.

ಇನ್ನು ನನ್ನ ಕಥೆ. 2023ರಲ್ಲಿ ಬಿ. ಎ. ಮೊದಲ ವರ್ಷಕ್ಕೆ ಸೇರಿದಾಗ ಈ ಲ್ಯಾಪ್‌ಟಾಪನ್ನು 11,500 ರೂಪಾಯಿಗೆ ಎರಡನೆಯ ಕೈಯದಾಗಿ ಕೊಂಡೆ. ಅವ್ವ ತನ್ನ ಸ್ವಸಹಾಯ ಸಂಘದಿಂದ 6,000 ಸಾಲ ಎತ್ತಿದಳು, ಉಳಿದುದು ನನ್ನ ವಿದ್ಯಾರ್ಥಿವೇತನ. ಅದರ ಮೇಲೆ ನಾನು ಕೈಗೊಂಡ ದೊಡ್ಡ ಕೆಲಸವೆಂದರೆ ನನ್ನ ಆಯಿಯ ಬೀಸುವ ಪದ, ಸೋಬಾನ ಪದಗಳ ಸಂಗ್ರಹ. ಅಂತಿಮ ವರ್ಷದ ಪ್ರಬಂಧಕ್ಕೆಂದು ರಾತ್ರಿ ಊಟವಾದ ಮೇಲೆ ಆಕೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು, ಆಕೆ ಹಾಡಿದಂತೆ ಬರೆದುಕೊಂಡು, ಮರುದಿನ ಟೈಪು ಮಾಡುತ್ತಿದ್ದೆ. ಹೀಗೆ 58 ಪದಗಳಾಗಿದ್ದವು. ಟೈಪು ಮಾಡಿದ ಮೇಲೆ ಕೈಬರಹದ ಹಾಳೆಗಳನ್ನು ಕಾದಿಡುವ ಬುದ್ಧಿ ನನಗೆ ಬರಲಿಲ್ಲ.

ತೆರೆಯ ಮೇಲೆ ಆ ಓಲೆ ಮೂಡಿದಾಗ ಹೆದರಿ ಯಂತ್ರವನ್ನು ಹೊತ್ತು ಪರ ಊರಿನ ಒಂದು ಅಂಗಡಿಗೆ ಹೋದೆ. ಅಂಗಡಿಯಾತ ನೋಡಿ ಹೇಳಿದ:

"ಅಕ್ಟೋಬರ್ ಮುಗದ ಮ್ಯಾಲ ಇದು ಚಾಲೂನ ಆಗಾಂಗಿಲ್ಲ ತಂಗೀ. ಹೊಸಾದು ತಗೋ, ಮೂವತ್ತೈದು ಸಾವಿರದಾಗ ಚೊಲೋದು ಕೊಡತೀನಿ."

"ಅಷ್ಟ್ ರೊಕ್ಕ ಎಲ್ಲಿಂದ ತರೂಣ್ರಿ ಅಣ್ಣಾರ?" ಎಂದೆ.

"ಹಂಗಾರ ಐದನೂರು ಕೊಡು. ಇದರಾಗ ಹನ್ನೊಂದು ಹಾಕಿ ಕೊಡತೀನಿ. ಯಾರೂ ಕೇಳಾಂಗಿಲ್ಲ."

ಮೂವತ್ತೈದು ಸಾವಿರವೆಂದರೆ ಅಪ್ಪನ ನಾಲ್ಕು ತಿಂಗಳ ನೇಯ್ಗೆಯ ಮಜೂರಿ. ನಾನು ಐದುನೂರು ಕೊಟ್ಟೆ. ಮರುದಿನ ಯಂತ್ರ ಹೊಸ ರೂಪದಿಂದ ಹೊಳೆಯುತ್ತ ಬಂದಿತು. ತೆರೆದು ನೋಡಿದರೆ ನನ್ನ ಕಡತಗಳು ಒಂದೂ ಇಲ್ಲ! ಹೊಸದನ್ನು ಹಾಕುವಾಗ ಹಳೆಯದನ್ನೆಲ್ಲ ಅಳಿಸಿಬಿಟ್ಟಿದ್ದ. ಕೇಳಿದರೆ, "ನೀ ಮೊದಲ ಹೇಳಬೇಕಿತ್ತವಾ" ಎಂದ. ಅದೂ ನಿಜವೇ. ಆತ ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮ ಕನ್ನಡ ಅಧ್ಯಾಪಕರಿಗೆ ತಿದ್ದಲು ಕಳಿಸಿದ್ದ 17 ಪದಗಳು ಮಾತ್ರ ಉಳಿದವು. ಆಯಿಯನ್ನು ಮತ್ತೆ ಹಾಡೆಂದು ಕೇಳಿಕೊಂಡೆ. ಎಂಬತ್ತು ದಾಟಿದ ಜೀವ, ತಿಂಗಳಾನುಗಟ್ಟಲೆ ನೆನಪಿಸಿ ನೆನಪಿಸಿ 23 ಪದಗಳನ್ನು ತಿರುಗಿ ಕೊಟ್ಟಳು. ಉಳಿದ 18 ಅವಳಿಗೂ ನೆನಪಾಗಲಿಲ್ಲ. ಅವು ಈಗ ಎಲ್ಲಿಯೂ ಇಲ್ಲ.

ಈ ಪೆಟ್ಟು ಬಿದ್ದ ಮೇಲೆಯೇ ನಾನು ವಿಚಾರಿಸತೊಡಗಿದ್ದು. ಗ್ರಂಥಾಲಯದಲ್ಲಿ ಓದಿದೆ, ಬಲ್ಲವರನ್ನು ಕೇಳಿದೆ. ನನ್ನ ಮುಂದೆ ಇದ್ದುದು ಎರಡೇ ದಾರಿಗಳಲ್ಲ, ಐದು ದಾರಿಗಳೆಂದು ತಿಳಿಯಿತು. ಒಂದೊಂದನ್ನೂ ಅದರ ಬೆಲೆಯೊಡನೆ ಹೇಳುತ್ತೇನೆ.

ಮೊದಲನೆಯ ದಾರಿ ಪುಕ್ಕಟೆಯ ಬಡ್ತಿ. ನ್ಯಾಯವಾದ ವಿಂಡೋಸ್ 10 ಇರುವ ಯಂತ್ರವು ಅರ್ಹವಾಗಿದ್ದರೆ ವಿಂಡೋಸ್ 11ಕ್ಕೆ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಅರ್ಹತೆಯ ಪಟ್ಟಿ ಮಾತ್ರ ಕಠಿಣ. 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ ಇರಬೇಕು. ಸುರಕ್ಷಿತವಾಗಿ ಚಾಲೂ ಆಗುವ ಸೌಕರ್ಯ ಇರಬೇಕು. ಟಿಪಿಎಂ 2.0 ಎಂಬ, ಗುಪ್ತ ಕೀಲಿಗಳನ್ನು ಕಾಯುವ ವ್ಯವಸ್ಥೆ ಇರಬೇಕು. ಇಂಟೆಲ್ ಕಂಪನಿಯದಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ, ಅಂದರೆ ಸುಮಾರು 2017ರ ಕೊನೆಯಿಂದ ಈಚಿನ, ಪ್ರೊಸೆಸರ್ ಇರಬೇಕು. ಪಿಸಿ ಹೆಲ್ತ್ ಚೆಕ್ ಎಂಬ ಕಂಪನಿಯದೇ ಪುಕ್ಕಟೆ ತಂತ್ರಾಂಶ ಇದನ್ನೆಲ್ಲ ಪರೀಕ್ಷಿಸಿ ಹೇಳುತ್ತದೆ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ, ಒಳಗಿನ ಬಯೋಸ್ ಸೆಟ್ಟಿಂಗಿನಲ್ಲಿ ಆರಿಸಿಟ್ಟಿರುತ್ತದೆ. ಅದನ್ನು ಚಾಲೂ ಮಾಡಿದರೆ ಅನರ್ಹವೆನಿಸಿದ ಯಂತ್ರವೇ ಅರ್ಹವಾಗುತ್ತದೆ. ಹೊಸ ಯಂತ್ರ ಕೊಳ್ಳುವ ಮೊದಲು ಇದನ್ನು ನೋಡದವನು ಮೂರ್ಖ. ನನ್ನ ಯಂತ್ರದ್ದು ಆರನೆಯ ತಲೆಮಾರು, ಆದುದರಿಂದ ಈ ದಾರಿ ನನಗೆ ಮುಚ್ಚಿದ್ದಿತು.

ಎರಡನೆಯ ದಾರಿ ಬೆಂಬಲದ ಮುಂದುವರಿಕೆಯನ್ನು ಪಡೆಯುವುದು. ಇದನ್ನು ಅಂಗಡಿಯಾತ ಹೇಳಲೇ ಇಲ್ಲ. ವಿಂಡೋಸ್ 10 ಇರುವ ಮನೆಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯ ತೇಪೆಗಳನ್ನು ಕೊಡುವುದಾಗಿ ಕಂಪನಿಯು 2025ರಲ್ಲಿ ಸಾರಿತು. ಅದಕ್ಕೆ ಮೂರು ಬಗೆ: 30 ಡಾಲರ್ ಅಥವಾ ಅಷ್ಟು ಬೆಲೆಯ ತಮ್ಮ ದೇಶದ ಹಣ ಕೊಡಬಹುದು, ಕಂಪನಿಯ ಬಹುಮಾನ ಅಂಕಗಳಲ್ಲಿ 1,000 ಕೊಡಬಹುದು, ಇಲ್ಲವೇ ತಮ್ಮ ಯಂತ್ರದ ಸೆಟ್ಟಿಂಗುಗಳ ನಕಲನ್ನು ಕಂಪನಿಯ ಖಾತೆಯಲ್ಲಿ ಇಡಲು ಒಪ್ಪಿದರೆ ಹಣವೇ ಬೇಡ. ಮೂರಕ್ಕೂ ಕಂಪನಿಯಲ್ಲಿ ಖಾತೆ ತೆರೆಯಲೇಬೇಕು. ಹಣ ಕೊಟ್ಟವರು ಒಂದೇ ಖಾತೆಯಲ್ಲಿ 10 ಯಂತ್ರಗಳವರೆಗೆ ಇದನ್ನು ಬಳಸಬಹುದು. ಸಂಸ್ಥೆಗಳಿಗೆ ದರ ಬೇರೆ: ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಅನಂತರ ವರ್ಷ ವರ್ಷಕ್ಕೆ ಇಮ್ಮಡಿ, ಹೀಗೆ ಮೂರು ವರ್ಷ. ಶಾಲೆ ಕಾಲೇಜುಗಳಿಗೆ ಮಾತ್ರ ಮೊದಲ ವರ್ಷ 1, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರ್. ಅಂದರೆ ಕಾಲೇಜಿನ ಒಂದು ಯಂತ್ರಕ್ಕೆ ಮೂರು ವರ್ಷದ ಖರ್ಚು ಕೂಡಿ 7 ಡಾಲರ್, ನಮ್ಮ ಹಣದಲ್ಲಿ ಆರುನೂರರ ಆಸುಪಾಸು. ಇಷ್ಟು ಸುಲಭದ ದಾರಿ ಇರುವುದು ಎಷ್ಟು ಜನಕ್ಕೆ ಗೊತ್ತಿದ್ದಿತು?

ಮೂರನೆಯ ದಾರಿ ಕೊಳ್ಳುವುದು. ವಿಂಡೋಸ್ 11ರ ಹೋಮ್ ಆವೃತ್ತಿಗೆ ಅಮೆರಿಕದಲ್ಲಿ 139 ಡಾಲರ್, ಪ್ರೊ ಆವೃತ್ತಿಗೆ 199 ಡಾಲರ್ ಎಂದು ಕಂಪನಿ ಬೆಲೆ ಕಟ್ಟಿದೆ. ನನ್ನ ಯಂತ್ರವನ್ನು ನಾನು ಕೊಂಡ ಬೆಲೆಗೆ 139 ಡಾಲರ್ ಹೆಚ್ಚು ಕಡಿಮೆ ಸರಿಹೋಗುತ್ತದೆ. ಎತ್ತಿನ ಬೆಲೆಯನ್ನು ಮೂಗುದಾರಕ್ಕೆ ಕೊಟ್ಟಂತೆ! ಮೇಲಾಗಿ, ಪರವಾನಿಗೆ ಕೊಂಡಮಾತ್ರಕ್ಕೆ ಅನರ್ಹ ಯಂತ್ರ ಅರ್ಹವಾಗುವುದಿಲ್ಲ. ಇನ್ನೊಂದು ಭೇದವನ್ನೂ ತಿಳಿದಿರಬೇಕು. ಯಂತ್ರದ ಜೊತೆಗೇ ಬರುವ ಪರವಾನಿಗೆ ಆ ಯಂತ್ರದೊಡನೆಯೇ ಸಾಯುತ್ತದೆ. ಬಿಡಿಯಾಗಿ ಕೊಂಡುದನ್ನು ಮುಂದೆ ಬೇರೆ ಯಂತ್ರಕ್ಕೆ ಒಯ್ಯಬಹುದು. ಹೊಸ ಯಂತ್ರವನ್ನೇ ಕೊಳ್ಳಬಲ್ಲವರು ಕೊಳ್ಳಲಿ, ಅವರ ಬಗ್ಗೆ ನನ್ನ ತಕರಾರಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ನಮ್ಮಂಥವರಿಗೆ.

ನಾಲ್ಕನೆಯದು ಐದುನೂರರ ಕಳ್ಳದಾರಿ, ನಾನು ಹಿಡಿದದ್ದು. ಅದರಲ್ಲಿ ನಾಚಿಕೆಯೂ ಇದೆ, ನಷ್ಟವೂ ಇದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 63-ಬಿ ಕಲಮಿನ ಪ್ರಕಾರ, ಕದ್ದ ತಂತ್ರಾಂಶವೆಂದು ತಿಳಿದೂ ಬಳಸುವವನಿಗೆ ಏಳು ದಿನದಿಂದ ಮೂರು ವರ್ಷದ ಸೆರೆವಾಸ, 50,000ದಿಂದ ಎರಡು ಲಕ್ಷ ರೂಪಾಯಿಯ ದಂಡ. ವ್ಯಾಪಾರದ ಲಾಭಕ್ಕಲ್ಲದೆ ಬಳಸಿದ್ದರೆ ನ್ಯಾಯಾಲಯವು ಸೆರೆವಾಸ ಬಿಟ್ಟು 50,000ದವರೆಗೆ ದಂಡ ವಿಧಿಸಬಹುದು. ಐದುನೂರು ಉಳಿಸಲು ಹೋಗಿ ಐವತ್ತು ಸಾವಿರದ ಬಾಯಿಗೆ ಬೀಳುವ ವ್ಯವಹಾರವಿದು. ಕಾಯಿದೆಯ ಮಾತು ಅತ್ತ ಇರಲಿ. ಕಳ್ಳ ಪ್ರತಿಯನ್ನು ನಡೆಯಿಸಲು ಆತ ನನ್ನ ಯಂತ್ರದ ರಕ್ಷಣೆಯ ತಂತ್ರಾಂಶವನ್ನೇ ಆರಿಸಿಟ್ಟಿದ್ದ, ತೇಪೆಗಳು ಬರದಂತೆಯೂ ಮಾಡಿದ್ದ. ಕಾವಲುಗಾರ ಹೋದನೆಂದು ಹೆದರಿ ಹೋದವಳ ಮನೆಯ ಬಾಗಿಲನ್ನೇ ಕಿತ್ತು ಕಳಿಸಿದಂತಾಯಿತು. ವಿದ್ಯಾರ್ಥಿವೇತನದ ಅರ್ಜಿ, ಆಧಾರ್, ಬ್ಯಾಂಕಿನ ವಿವರ ಇವನ್ನೆಲ್ಲ ಇಂಥ ಯಂತ್ರದಲ್ಲಿ ತೆರೆಯಬಹುದೇ?

ಐದನೆಯ ದಾರಿ ಮುಕ್ತ ತಂತ್ರಾಂಶ. ಇದರ ಹೆಸರು ಕೇಳಿದ್ದೆನೇ ಹೊರತು ಅರ್ಥ ತಿಳಿದಿರಲಿಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು, ಯಾರಾದರೂ ಬಳಸಬಹುದಾದ, ಓದಿ ತಿದ್ದಬಹುದಾದ, ನೆರೆಯವರಿಗೆ ಹಂಚಬಹುದಾದ ಒಂದು ವ್ಯವಸ್ಥೆಯನ್ನು ಕಟ್ಟುವೆನೆಂದು ಗ್ನೂ ಎಂಬ ಕೆಲಸವನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೊಂದು ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಅದೇ ಲಿನಕ್ಸ್. ಆಗ ಅವರ ವಯಸ್ಸು 21, ನಮ್ಮದೇ ವಯಸ್ಸು! ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಆ ಲಿನಕ್ಸ್ ತಿರುಳೇ. ಇದರ ಮೇಲೆ ಕಟ್ಟಿದ ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ವ್ಯವಸ್ಥೆಗಳನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು. 2024ರಲ್ಲಿ ಬಂದ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ರಕ್ಷಣೆಯ ತೇಪೆಗಳು ಬರುತ್ತವೆ. ಅದಕ್ಕೆ 2 ಜಿಬಿ ರ‍್ಯಾಮ್ ಇದ್ದರೂ ಸಾಕು, 4 ಇದ್ದರೆ ಸುಖ. ನಮ್ಮ ದೇಶದ್ದೇ ಬೇಕೆಂಬವರಿಗೆ ಸಿ-ಡ್ಯಾಕ್ ಸಂಸ್ಥೆಯು 2007ರಿಂದ ಹೊರತರುತ್ತಿರುವ ಬಾಸ್ ಲಿನಕ್ಸ್ ಇದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಕಂಪನಿಯವರು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ಒಂದು ತಂತ್ರಾಂಶಕ್ಕೆ ಹತ್ತು ವರ್ಷ ತೇಪೆ ಹಾಕಿಕೊಟ್ಟಿದ್ದಾರೆ, ಅದು ಕಡಿಮೆ ಕಾಲವೇನಲ್ಲ. ಕಳ್ಳರ ಉಪಾಯಗಳು ಬೆಳೆದಂತೆ ಬೀಗಗಳೂ ಬೆಳೆಯಬೇಕು, ಟಿಪಿಎಂ ಅಂಥ ಬೀಗ. ಆದರೆ ಬೀಗ ಬದಲಿಸುವ ನೆಪದಲ್ಲಿ ಮನೆಯನ್ನೇ ಕೆಡವಿ ಎಂದರೆ ಹೇಗೆ? ಕ್ಯಾನಲಿಸ್ ಎಂಬ ಸಂಸ್ಥೆಯು 2023ರ ಡಿಸೆಂಬರದಲ್ಲಿ, ಈ ಬದಲಾವಣೆಯಿಂದ ಜಗತ್ತಿನಲ್ಲಿ 24 ಕೋಟಿ ಗಣಕಗಳು ಕಸವಾಗಬಹುದೆಂದು ಅಂದಾಜು ಮಾಡಿತು. ಅವುಗಳೊಳಗಿನ ಸೀಸ, ತಾಮ್ರ, ಪ್ಲಾಸ್ಟಿಕ್ ಕೊನೆಗೆ ಎಲ್ಲಿಗೆ ಹೋಗುತ್ತವೆ? ಬಡ ದೇಶಗಳ ಗುಜರಿಗಳಿಗೆ, ಅಲ್ಲಿ ಬರಿಗೈಯಿಂದ ಅವನ್ನು ಸುಡುವ ಮಕ್ಕಳ ಉಸಿರಿಗೆ.

ಇನ್ನೊಂದು ವಿಷಮತೆ ನನ್ನನ್ನು ಕಾಡುತ್ತದೆ. ಯುರೋಪಿನ ಬಳಕೆದಾರರ ಸಂಘಗಳು ದನಿ ಎತ್ತಿದ ಮೇಲೆ, ಅಲ್ಲಿಯವರಿಗೆ ಆ ಒಂದು ವರ್ಷದ ಮುಂದುವರಿಕೆಯನ್ನು ಹಣವಿಲ್ಲದೆ, ಸೆಟ್ಟಿಂಗಿನ ನಕಲನ್ನೂ ಕೇಳದೆ, ಬರಿಯ ಖಾತೆಯ ಮೇಲೆಯೇ ಕೊಡಲು ಕಂಪನಿ ಒಪ್ಪಿತು. ಕೇಳಿದವರಿಗೆ ಸಿಕ್ಕಿತು. ನಾವು ಕೇಳಲಿಲ್ಲ. ಏಕೆಂದರೆ ಕೇಳಬಹುದೆಂಬುದೇ ನಮಗೆ ಗೊತ್ತಿರಲಿಲ್ಲ. ಅಂಗಡಿಯಾತ ಹೇಳಿದ್ದೇ ವೇದವಾಗಿದ್ದಿತು. ಬಡತನಕ್ಕಿಂತ ತಿಳಿವಳಿಕೆಯ ಕೊರತೆಯೇ ನಮ್ಮ ಹೆಚ್ಚಿನ ಹಣವನ್ನು ತಿನ್ನುತ್ತದೆಂದು ನನಗೆ ತೋರುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಸರಕಾರಿ ಕಾಲೇಜುಗಳಲ್ಲಿ ವಿಂಡೋಸಿನ ಜೊತೆಗೆ ಮುಕ್ತ ತಂತ್ರಾಂಶವನ್ನೂ ಕಲಿಸಬೇಕು, ಹಳೆಯ ಯಂತ್ರಗಳನ್ನು ಅದರಿಂದ ನಡೆಯಿಸಬೇಕು. ಇದು ನನ್ನ ಕನಸಿನ ಮಾತಲ್ಲ. ನೆರೆಯ ಕೇರಳವನ್ನು ನೋಡಿರಿ. ಅಲ್ಲಿಯ ಶಾಲೆಗಳಲ್ಲಿ ಐ. ಟಿ. ಅಟ್ ಸ್ಕೂಲ್ ಎಂಬ ಯೋಜನೆಯು 2000ದ ದಶಕದಲ್ಲಿಯೇ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದೇ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗೆ ಹೊಸ ಆವೃತ್ತಿಯನ್ನು ಹೊರತಂದಾಗ, ಇದರಿಂದ 3,000 ಕೋಟಿ ರೂಪಾಯಿ ಉಳಿತಾಯವೆಂದು ಆ ಸಂಸ್ಥೆ ಹೇಳಿತು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳೂ ಅದೇ ವ್ಯವಸ್ಥೆಯ ಮೇಲೆಯೇ ಕಲಿಯುತ್ತಾರೆ. ಅಲ್ಲಿಯ ಕನ್ನಡದ ಮಗುವಿಗೆ ಆಗುವುದು ಇಲ್ಲಿಯ ಕನ್ನಡದ ಮಗುವಿಗೆ ಏಕೆ ಆಗಬಾರದು? ಭಾರತ ಸರಕಾರವೇ 2015ರಲ್ಲಿ ತನ್ನ ಕಚೇರಿಗಳ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಹೊರಡಿಸಿದೆ. ನೀತಿ ಕಡತದಲ್ಲಿ ಮಲಗಿದರೆ ಪ್ರಯೋಜನವೇನು?

"ನೌಕರಿಗೆ ಹೋದಲ್ಲಿ ವಿಂಡೋಸ್ ಇರುತ್ತದೆ. ಟ್ಯಾಲಿ ಕಲಿಯಬೇಕಾದವರು ಏನು ಮಾಡಬೇಕು? ನಮ್ಮ ನುಡಿ ತಂತ್ರಾಂಶ ನಡೆಯುವುದೂ ವಿಂಡೋಸಿನಲ್ಲಿಯೇ ಅಲ್ಲವೇ?" ಎಂದು ನನ್ನ ಗೆಳತಿಯೊಬ್ಬಳು ವಾದಿಸಿದಳು. ಮಾತು ಸರಿಯಾಗಿದೆ. ಆದುದರಿಂದಲೇ ವಿಂಡೋಸನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಲೆಕ್ಕಪತ್ರ ಕಲಿಯುವವರಿಗೆ ಅದು ಬೇಕು. ಆದರೆ ನಮ್ಮ ಬಿ. ಎ. ವಿದ್ಯಾರ್ಥಿಗಳ ಕೆಲಸವಾದರೂ ಏನು? ಯು. ಯು. ಸಿ. ಎಂ. ಎಸ್.ನಲ್ಲಿ ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಓದು, ಬರಹ. ಅರ್ಜಿಗಳೆಲ್ಲ ಬ್ರೌಸರಿನಲ್ಲಿ ನಡೆಯುವಂಥವು, ಕೆಳಗೆ ಯಾವ ವ್ಯವಸ್ಥೆ ಇದ್ದರೂ ಅವಕ್ಕೆ ಬಾಧಕವಿಲ್ಲ. ಬರಹಕ್ಕೆ ಲಿಬ್ರೆ ಆಫೀಸ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಕನ್ನಡದ ಟೈಪಿಗಂತೂ ಚಿಂತೆಯೇ ಬೇಡ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಮಗೆ ರೂಢಿಯಾದ ಕೀಲಿಮಣೆಯ ವಿನ್ಯಾಸವೇ ಲಿನಕ್ಸಿನಲ್ಲಿಯೂ "ಕಗಪ" ಎಂಬ ಹೆಸರಿನಿಂದ ಸಿಗುತ್ತದೆ.

ನುಡಿಯ ಮಾತು ಬಂದುದರಿಂದ ಒಂದು ಎಚ್ಚರಿಕೆ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವು ಆ ಅಕ್ಷರ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದುದಾದರೆ ವಿಂಡೋಸ್, ಲಿನಕ್ಸ್, ಫೋನು ಎಲ್ಲೆಡೆಯೂ ಕನ್ನಡವಾಗಿಯೇ ಕಾಣುತ್ತದೆ. ವ್ಯವಸ್ಥೆಗಳು ಬದಲಾಗುತ್ತಲೇ ಇರುವ ಕಾಲದಲ್ಲಿ ನಮ್ಮ ಬರಹ ಉಳಿಯಬೇಕಾದರೆ ಅದನ್ನು ಯೂನಿಕೋಡಿನಲ್ಲಿಯೇ ಇಡಬೇಕು. ಹಳೆಯ ಕಡತಗಳನ್ನು ಬದಲಿಸಿಕೊಡುವ ಪರಿವರ್ತಕಗಳೂ ಪುಕ್ಕಟೆ ಸಿಗುತ್ತವೆ. ನಮ್ಮ ಹಿರಿಯರ ಹಾಡು, ಕಥೆಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಇದನ್ನು ಮುಖ್ಯವಾಗಿ ಗಮನಿಸಬೇಕು.

ನಾನು ಮುಂದೆ ಮಾಡಿದುದನ್ನು ಹೇಳಿ ಮುಗಿಸುತ್ತೇನೆ. ಆ ಕಳ್ಳ ಪ್ರತಿಯನ್ನು ಅಳಿಸಿದೆ. ಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬರ ನೆರವಿನಿಂದ ಲಿನಕ್ಸ್ ಮಿಂಟನ್ನು ಒಂದು ಪೆನ್‌ಡ್ರೈವಿಗೆ ಇಳಿಸಿದೆವು. ಇದರಲ್ಲಿ ನನಗೆ ಬಹಳ ಹಿಡಿಸಿದ ಗುಣವೆಂದರೆ, ಯಂತ್ರದೊಳಗಿನದನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಯಿಸಿ ನೋಡಬಹುದು. ಸೀರೆಯನ್ನು ಹೆಗಲ ಮೇಲೆ ಹೊದ್ದು ನೋಡಿ ಕೊಂಡಂತೆ. ವೈಫೈ, ಧ್ವನಿ, ಕನ್ನಡ ಎಲ್ಲವೂ ಸರಿಯಾಗಿದ್ದವು. ಅನಂತರ ಹಳೆಯ ಹಾರ್ಡ್‌ಡಿಸ್ಕನ್ನು ತೆಗೆದು 1,700 ರೂಪಾಯಿಯ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಮೊದಲು ಚಾಲೂ ಆಗಲು ಚಹಾ ಕುದಿಯುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರ ಈಗ ಅರ್ಧ ನಿಮಿಷದಲ್ಲಿ ಏಳುತ್ತದೆ. ಒಟ್ಟು ಖರ್ಚು 1,700. ಮೊದಲೇ ತಿಳಿದಿದ್ದರೆ ಐದುನೂರೂ ಉಳಿಯುತ್ತಿತ್ತು, ಆ ಹದಿನೆಂಟು ಪದಗಳೂ ಉಳಿಯುತ್ತಿದ್ದವು. ತೊಂದರೆಯೇ ಇರಲಿಲ್ಲವೆಂದರೆ ಸುಳ್ಳಾದೀತು. ಪರಿಚಯದವರ ಮನೆಯ ಮುದ್ರಣಯಂತ್ರ ಇದರೊಡನೆ ಹೊಂದಿಕೊಳ್ಳಲು ಎರಡು ದಿನ ಹಟ ಹಿಡಿಯಿತು. ಮೊದಲ ವಾರ ಕೈ ತಡವರಿಸಿತು. ಮಗ್ಗದ ಮೇಲೆ ಹೊಸ ಹಾಸು ಹೂಡಿದಾಗಲೂ ಅಪ್ಪನ ಕೈ ಎರಡು ದಿನ ತಡವರಿಸುತ್ತದೆ.

ಸಹಪಾಠಿ ಬಂಧು ಭಗಿನಿಯರೇ, ನನ್ನ ಬಿನ್ನಹ ಇಷ್ಟೇ. ಯಾವ ಅಂಗಡಿಗೆ ಯಂತ್ರ ಕೊಡುವ ಮೊದಲೂ ನಿಮ್ಮ ಕಡತಗಳ ನಕಲನ್ನು ಎರಡು ಕಡೆ ಇಡಿರಿ. ಎರಡನೆಯ ಕೈಯ ಯಂತ್ರ ಕೊಳ್ಳುವಾಗ ಬೆಲೆಯೊಂದನ್ನೇ ಕೇಳದೆ, ಯಾವ ತಲೆಮಾರಿನ ಪ್ರೊಸೆಸರ್, ಯಾವ ವ್ಯವಸ್ಥೆ, ಅದಕ್ಕೆ ಎಂದಿನವರೆಗೆ ತೇಪೆ ಬರುತ್ತದೆ ಎಂಬುದನ್ನೂ ಕೇಳಿರಿ. ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳಬೇಡಿರಿ. ಹೊಸದು ಕೊಳ್ಳಲಾಗದೆಂದು ಕೀಳರಿಮೆ ಪಡಬೇಡಿರಿ. ಕಾಲೇಜಿನ ಹಿರಿಯರಲ್ಲಿ ಒಂದು ಪ್ರಾರ್ಥನೆ: ವರ್ಷಕ್ಕೆ ಒಂದು ದಿನ ಗಣಕದ ಕೋಣೆಯಲ್ಲಿ ವಿದ್ಯಾರ್ಥಿಗಳ ಹಳೆಯ ಯಂತ್ರಗಳನ್ನು ಪರೀಕ್ಷಿಸಿ, ದಾರಿ ತೋರಿಸುವ ಏರ್ಪಾಡು ಮಾಡಬೇಕು. ಅದಕ್ಕೆ ಅನುದಾನ ಬೇಡ, ನಾಲ್ಕು ಪೆನ್‌ಡ್ರೈವುಗಳು ಸಾಕು. ಕಲಿತವರು ಕಲಿಯದವರಿಗೆ ಹೇಳಿಕೊಡುವರು, ನಾನೂ ಬರುವೆನು.

ಪ್ರಬಂಧವನ್ನು 40 ಪದಗಳೊಡನೆ ಒಪ್ಪಿಸಿದೆ. ಒಪ್ಪಿಸಿದ ದಿನ ರಾತ್ರಿ ಯಂತ್ರವನ್ನು ಆಯಿಯ ಮುಂದಿಟ್ಟು, ಹೊಸದನ್ನು ಕೊಳ್ಳದೆ ಇದನ್ನೇ ಸರಿಮಾಡಿಕೊಂಡ ಕಥೆಯನ್ನು ಹೇಳಿದೆ. ಆಕೆಗೆ ವಿಂಡೋಸೂ ತಿಳಿಯದು, ಲಿನಕ್ಸೂ ತಿಳಿಯದು. ಹೊದ್ದಿದ್ದ ಕೌದಿಯನ್ನು ಎಳೆದುಕೊಳ್ಳುತ್ತ ಅಂದಳು:

"ಸೀರಿ ಹಳೇದಾದ್ರ ಒಗಿಯೂದಲ್ಲವಾ, ಕೌದಿ ಹೊಲಿಯೂದು."